ಪಿಕಪ್ಪನ್ನು ಎರಡು ಇಂಚು ಎತ್ತಿದ್ದು

ಶಿಸ್ತಿನ ಮನುಷ್ಯರಲ್ಲಿ ಒಂದು ದೋಷವಿದೆ. ಅವರು ತಪ್ಪು ಕೆಲಸವನ್ನೂ ಕ್ರಮಬದ್ಧವಾಗಿಯೇ ಮಾಡುತ್ತಾರೆ. ಶಿಸ್ತಿಲ್ಲದವನು ತಪ್ಪು ದಾರಿ ಹಿಡಿದರೆ, ನಡುವೆ ಎಲ್ಲೋ ಕಾಫಿಗೆ ನಿಂತು, ಹೊರಟ ಕೆಲಸ ಮರೆತು, ಮನೆಗೆ ವಾಪಸ್ಸಾಗುವ ಸಾಧ್ಯತೆಯಾದರೂ ಇರುತ್ತದೆ. ಶಿಸ್ತಿನವನಿಗೆ ಆ ಭಾಗ್ಯವಿಲ್ಲ. ಅವನು ತುದಿ ಮುಟ್ಟಿಯೇ ತಿರುಗುತ್ತಾನೆ. ನಾನು ಈ ಎರಡನೆಯ ಬಗೆಯವನು. ಶಿವನಸಮುದ್ರದ ಪವರ್ ಹೌಸಿನಲ್ಲಿ ಪಾಳಿಯ ಮೇಲೆ ದುಡಿದು ನಿವೃತ್ತನಾದೆ. ಅಲ್ಲಿ ಗಂಟೆಗೊಮ್ಮೆ ಎದ್ದು ಮೀಟರುಗಳನ್ನು ನೋಡಬೇಕಿತ್ತು. ಎಲ್ಲವೂ ಸರಿಯಾಗಿದ್ದರೆ ಇನ್ನೂ ಗಮನವಿಟ್ಟು ನೋಡಬೇಕಿತ್ತು. ಆ ಅಭ್ಯಾಸ ನನ್ನ ಜೊತೆಗೇ ಬೆಳಕವಾಡಿಯ ಮನೆಗೆ ಬಂತು. ಮನೆಯಲ್ಲಿ ನೋಡಲು ಮೀಟರುಗಳಿಲ್ಲದ ಕಾರಣ ಗಂಟೆಗೊಮ್ಮೆ ಅಡುಗೆಮನೆಗೆ ಹೋಗಿ ಒಲೆಯ ಮೇಲಿನ ಪಾತ್ರೆಗಳನ್ನು ನೋಡತೊಡಗಿದೆ. ನನ್ನ ಹೆಂಡತಿ ಜಯಮ್ಮ ಕೆಲವು ದಿನ ಸಹಿಸಿದಳು. ಆಮೇಲೊಂದು ಬೆಳಿಗ್ಗೆ ಸೌಟು ಹಿಡಿದೇ ಹೇಳಿದಳು: "ನೋಡಿ, ಸಾರು ತಾನಾಗೇ ಕುದೀತದೆ. ನೀವು ಕಾವಲು ಕೂರ್ದಿದ್ರೂ ಎಲ್ಲೂ ಓಡೋಗಕಿಲ್ಲ. ಒಂದು ಗಾಡಿ ತಕ್ಕಂಡು ತೋಟಕ್ಕಾದ್ರೂ ಓಗ್ಬನ್ನಿ." ನಾನು ಪಿಕಪ್ ಕೊಂಡ ಹಿನ್ನೆಲೆ ಇಷ್ಟೆ.

ಗಾಡಿ ಸಿಕ್ಕಿದ್ದು ಮಳವಳ್ಳಿಯಲ್ಲಿ. ಸೆಕೆಂಡ್ ಹ್ಯಾಂಡ್. ಹಿಂದಿನ ಮಾಲೀಕ ಅದರಲ್ಲಿ ಕೋಳಿ ಸಾಗಿಸುತ್ತಿದ್ದನಂತೆ. ನಾನು ಅದನ್ನು ಮೂರು ಸಲ ತೊಳೆಸಿದ ಮೇಲೂ, ಫ್ಯಾನು ಹಾಕಿದ ಕೂಡಲೇ ಡ್ಯಾಶ್‌ಬೋರ್ಡಿನ ಕಿಂಡಿಯಿಂದ ಒಂದು ಬಿಳಿಯ ಪುಕ್ಕ ಹಾರಿಬಂದು ನನ್ನ ಕನ್ನಡಕದ ಮೇಲೆ ಕೂರುತ್ತಿತ್ತು. ಎಂಜಿನ್ನು ಚೆನ್ನಾಗಿತ್ತು, ಟೈರು ಪರವಾಗಿಲ್ಲ ಎನ್ನುವಂತಿತ್ತು. ಗಾಡಿಯ ತೊಂದರೆ ಒಂದೇ: ಹೊಟ್ಟೆ ತಗ್ಗು. ಊರಿನ ರಸ್ತೆಗಳಲ್ಲಿ ಅದು ಗೊತ್ತಾಗಲಿಲ್ಲ. ತೋಟದ ದಾರಿಗೆ ಇಳಿದಾಗ, ಸೀಟಿನ ಕೆಳಗೆ ಯಾರೋ ಕಬ್ಬಿಣದ ಬಾಣಲೆಯನ್ನು ಸೌಟಿನಿಂದ ಕೆರೆದಂತಾಯಿತು. ಇಳಿದು ನೋಡಿದರೆ ಸೈಲೆನ್ಸರು ದಾರಿಯ ನಡುವಿನ ದಿಬ್ಬಕ್ಕೆ ಒರಗಿ ವಿಶ್ರಮಿಸುತ್ತಿತ್ತು.

ಈ ದಿಬ್ಬದ ಇತಿಹಾಸವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನಾಲೆಯ ಏರಿಯಿಂದ ನಮ್ಮ ತೆಂಗಿನ ತೋಟಕ್ಕೆ ಹೋಗುವ ಗಾಡಿದಾರಿ ನನಗೂ ನನ್ನ ಚಿಕ್ಕಪ್ಪನ ಮಗ ಪುಟ್ಟಸ್ವಾಮಿಗೂ ಸೇರಿದ್ದು. ಹಿರಿಯರು ಪಾಲು ಮಾಡುವಾಗ ಎಲ್ಲವನ್ನೂ ಹಂಚಿದರು, ದಾರಿಯನ್ನು ಮಾತ್ರ ಜಂಟಿಯಾಗಿ ಬಿಟ್ಟರು. ಕೆಲವು ವರ್ಷಗಳ ಕೆಳಗೆ, ಆ ದಾರಿಯ ಕೆಸರನ್ನು ನೋಡಲಾರದೆ, ನಾನು ರಜೆಯಲ್ಲಿ ಬಂದಾಗ ಒಂದು ಟ್ರ್ಯಾಕ್ಟರ್ ಜಲ್ಲಿ ತರಿಸಿ ಉದ್ದಕ್ಕೂ ಸಮವಾಗಿ ಹಾಸಿಸಿದೆ. ಪುಟ್ಟಸ್ವಾಮಿ ಬಂದು ನೋಡಿ, "ಯಾರ್ನ ಕೇಳಿ ಆಕ್ದೆ?" ಎಂದ. "ಒಳ್ಳೇ ಕೆಲಸಕ್ಕೂ ನಿನ್ನನ್ನ ಕೇಳಬೇಕಾ?" ಎಂದೆ. ಅದೇ ಕೊನೆಯ ಮಾತು. ಅವನು ನನಗಿಂತ ಆರು ತಿಂಗಳಿಗೆ ಚಿಕ್ಕವನು. ಚಿಕ್ಕವನು ಬಂದು ಮೊದಲು ಮಾತಾಡಿಸಬೇಕು ಎಂಬುದು ನನ್ನ ನಿಲುವು. ದೊಡ್ಡವನು ಕರೆದು ಮೊದಲು ಮಾತಾಡಿಸಬೇಕು ಎಂಬುದು ಅವನದು. ಎರಡೂ ನಿಲುವುಗಳಿಗೆ ಊರಿನಲ್ಲಿ ಬೆಂಬಲಿಗರಿದ್ದರು.

ನಾವು ಮಾತು ಬಿಟ್ಟ ಈ ವರ್ಷಗಳಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಮಾತ್ರ ಆ ದಾರಿಯನ್ನು ಬಿಡಲಿಲ್ಲ. ಚಕ್ರ ಹರಿದಲ್ಲಿ ಎರಡು ಕಡೆ ಹಳ್ಳ ಬಿತ್ತು, ನನ್ನ ಜಲ್ಲಿಯೆಲ್ಲ ನಡುವಿಗೆ ಸರಿದು ಮಣ್ಣು ಸೇರಿ ಗಟ್ಟಿಯಾಗಿ ಎಮ್ಮೆಯ ಬೆನ್ನಿನಂತೆ ಎದ್ದು ನಿಂತಿತು. ಒಬ್ಬ ಆಳು ಒಂದು ಹೊತ್ತು ಗುದ್ದಲಿ ಹಿಡಿದರೆ ಮುಗಿಯುವ ಕೆಲಸ. ಆದರೆ ನಾನು ಕೆತ್ತಿಸಿದರೆ, ಜಲ್ಲಿ ಹಾಕಿದ್ದೇ ತಪ್ಪು ಎಂದು ಒಪ್ಪಿಕೊಂಡಂತೆ. ಪುಟ್ಟಸ್ವಾಮಿ ಕೆತ್ತಿಸಿದರೆ, ನನ್ನ ಜಲ್ಲಿಯನ್ನು ಕೇಳದೆ ಮುಟ್ಟಿದಂತೆ. ಹೀಗಾಗಿ ದಿಬ್ಬ ಇಬ್ಬರ ರಕ್ಷಣೆಯಲ್ಲಿಯೂ ಬೆಳೆಯಿತು. ನೆಲವನ್ನು ತಗ್ಗಿಸಲಾಗದಿದ್ದರೆ ಗಾಡಿಯನ್ನು ಎತ್ತರಿಸಬೇಕು. ಇದಕ್ಕಿಂತ ಸರಳವಾದ ತರ್ಕ ನನಗೆ ಇಂದಿಗೂ ಕಾಣುವುದಿಲ್ಲ.

ಗಾಡಿ ಎತ್ತರಿಸುವ ಸಾಮಾನಿಗೆ ಲಿಫ್ಟ್ ಕಿಟ್ ಎನ್ನುತ್ತಾರೆ ಎಂದು ತಿಳಿದದ್ದು ಮಂಡ್ಯದ ಒಂದು ಅಂಗಡಿಯಲ್ಲಿ. ಒಳಗೆ ಹೋದರೆ ಕೆಂಪು ಸ್ಪ್ರಿಂಗುಗಳನ್ನು ಸೇಬಿನಂತೆ ಜೋಡಿಸಿದ್ದರು. ಗೋಡೆಯ ಮೇಲಿನ ಚಿತ್ರದಲ್ಲಿ ಒಂದು ಜೀಪು ಬಂಡೆಯ ಮೇಲೆ ಮುಂಗಾಲೆತ್ತಿ ನಿಂತಿತ್ತು. ಅಂಗಡಿಯವನು ಬಹಳ ವಿನಯದಿಂದ, "ಆಫ್‌ರೋಡಿಂಗ್ ಮಾಡ್ತೀರಾ ಸರ್?" ಎಂದು ಕೇಳಿದ.

"ತೆಂಗಿನ ತೋಟಕ್ಕೆ ಹೋಗ್ತೀನಿ," ಎಂದೆ.

"ಬೆಟ್ಟದ ಮೇಲಿದೆಯಾ ಸರ್ ತೋಟ?"

"ನಾಲೆ ಪಕ್ಕದಲ್ಲಿದೆ."

ಅವನು ಸ್ವಲ್ಪ ಯೋಚಿಸಿ ಆರು ಇಂಚಿನ ಕಿಟ್ ತೋರಿಸಿದ. ಅದನ್ನು ಹಾಕಿದರೆ ಗಾಡಿಗೆ ಗಾಂಭೀರ್ಯ ಬರುತ್ತದೆಯಂತೆ. ಗಾಂಭೀರ್ಯ ನನ್ನಲ್ಲಿ ಈಗಾಗಲೇ ಇದೆ, ನನಗೆ ಬೇಕಾದದ್ದು ಸೈಲೆನ್ಸರಿಗೆ ಜಾಗ ಎಂದೆ. ಆಮೇಲೆ ಅವನು ಬೇರೆ ಬೇರೆ ಬಗೆಗಳನ್ನು ಬಿಡಿಸಿ ಹೇಳಿದ. ಹಿಂದಿನ ಚಕ್ರಗಳ ಮೇಲೆ ಹೊರೆ ಹೊರುವ ಕಮಾನು ಪಟ್ಟಿಗಳ ಕೆಳಗೆ ಕಬ್ಬಿಣದ ಗಟ್ಟಿ ಇಡುವುದು ಒಂದು. ಪಟ್ಟಿಗಳ ಸಂಖ್ಯೆಯನ್ನೇ ಹೆಚ್ಚಿಸುವುದು ಇನ್ನೊಂದು. ಪಟ್ಟಿ ಹೆಚ್ಚಿಸಿದರೆ ಹೊರೆ ಹೊತ್ತಾಗ ಕುಸಿಯುವುದಿಲ್ಲ, ಆದರೆ ಖಾಲಿ ಓಡುವಾಗ ಕುಳಿತವರ ಸೊಂಟ ಅದರ ಲೆಕ್ಕ ಒಪ್ಪಿಸುತ್ತದೆ. ಒಂದು ವಿಷಯವನ್ನು ಮಾತ್ರ ಅವನು ನಗದೆ ಹೇಳಿದ: ಗಾಡಿಯನ್ನು ಜಾಸ್ತಿ ಎತ್ತಿದರೆ ಹಿಂದಿನ ಚಕ್ರಕ್ಕೆ ಹೋಗುವ ಬ್ರೇಕ್ ಪೈಪು ಬಿಗಿಯಾಗುತ್ತದೆ, ಎರಡು ಇಂಚಿನಿಂದ ಆಚೆಗೆ ಹಳೆಯ ಪೈಪು ಸಾಲುವುದಿಲ್ಲ, ಕಿತ್ತು ಬಂದರೆ ಬ್ರೇಕೇ ಇಲ್ಲ. ನಾನು ಅದನ್ನು ಎರಡು ಸಲ ಹೇಳಿಸಿ ಕೇಳಿದೆ. ಮನೆಯಲ್ಲಿ ಕುಳಿತು ಆಲೋಚಿಸಿ, ಆರ್.ಟಿ.ಒ. ತಪಾಸಣೆಯವರೂ ತಕರಾರು ತೆಗೆಯದಷ್ಟು, ದಿಬ್ಬವೂ ತಾಗದಷ್ಟು, ಪಟ್ಟಿ ಹೆಚ್ಚಿಸುವ ಬಗೆಯಲ್ಲಿ ಎರಡು ಇಂಚು ಎಂದು ತೀರ್ಮಾನಿಸಿದೆ.

ಜಯಮ್ಮ ಒಂದೇ ಪ್ರಶ್ನೆ ಕೇಳಿದಳು. "ದಿಬ್ಬ ಕೆತ್ಸಕ್ಕೇನು ರೋಗ?"

ಕಾರಣಗಳನ್ನು ಕ್ರಮವಾಗಿ ವಿವರಿಸಿದೆ. ಅವಳು ಕೊನೆಯವರೆಗೂ ಕೇಳಿ, "ಸರಿ ಬುಡಿ. ಅಲ್ಲೂ ಇದೇ ರಾಮಾಯಣ. ಸಾಕಮ್ಮನ ಗಂಡನೂ ಗಾಡಿ ಎತ್ತರುಸ್ತಾವ್ನಂತೆ," ಎಂದಳು.

ಸಾಕಮ್ಮ ಎಂದರೆ ಪುಟ್ಟಸ್ವಾಮಿಯ ಹೆಂಡತಿ. ಮಾತು ಬಿಟ್ಟದ್ದು ಗಂಡಸರು ಮಾತ್ರ. ಹೆಂಗಸರಿಬ್ಬರ ನಡುವೆ ಹುಣಸೆಹಣ್ಣು, ಹೆಪ್ಪು, ಸುದ್ದಿ ಎಲ್ಲವೂ ದಿನವೂ ಓಡಾಡುತ್ತಿದ್ದವು. ಪುಟ್ಟಸ್ವಾಮಿಯ ಬಿ.ಪಿ. ಮಾತ್ರೆ ಬದಲಾದದ್ದು ಅವನ ನಾಲಿಗೆಗಿಂತ ಮೊದಲು ನನಗೆ ತಿಳಿದಿತ್ತು. ಅವನ ಹತ್ತಿರವೂ ಒಂದು ಹಳೆಯ ಪಿಕಪ್ಪಿತ್ತು, ಅದರ ಹೊಟ್ಟೆಯೂ ಅದೇ ದಿಬ್ಬಕ್ಕೆ ಕೆರೆಯುತ್ತಿತ್ತು. "ಎಷ್ಟು ಇಂಚಂತೆ?" ಎಂದು ಕೇಳಬಾರದೆಂದುಕೊಂಡೇ ಕೇಳಿದೆ.

"ಮೂರಂತೆ. ನಿಮ್ದು ಎಲ್ಡು ಅಂತ ನಾನು ಏಳಿದ್ಮೇಲೆ ಮೂರು ಮಾಡ್ದ."

ಗೊತ್ತುಮಾಡಿದ ದಿನ ಕಿಟ್ಟಿನ ಸಮೇತ ಗಾಡಿಯನ್ನು ಮದ್ದೂರಿನ ಮೆಕ್ಯಾನಿಕ್ ಸಿದ್ದರಾಜುವಿನ ಶೆಡ್ಡಿಗೆ ಕೊಂಡೊಯ್ದೆ. ಸಿದ್ದರಾಜು ಕೈಕೆಲಸಕ್ಕಿಂತ ಬಾಯಿಕೆಲಸ ಹೆಚ್ಚು ಬಲ್ಲವನು. ಗಾಡಿಯ ಕೆಳಗೆ ನುಗ್ಗಿದರೆ ಕಾಲೆರಡೇ ಹೊರಗಿರುತ್ತವೆ, ಮಾತು ಮಾತ್ರ ಎಲ್ಲ ಕಡೆಯಿಂದಲೂ ಬರುತ್ತಿರುತ್ತದೆ. ನಾನು ಹೋದಾಗ ಇನ್ನೊಂದು ಪಿಕಪ್ಪು ಆಗಲೇ ಜಾಕಿನ ಮೇಲೆ ನಿಂತಿತ್ತು. ಅದರ ಮಾಲೀಕ, ಹಳೆಯ ಲಾರಿ ಸೀಟಿನಿಂದ ಮಾಡಿದ ಬೆಂಚಿನ ಮೇಲೆ ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪುಟ್ಟಸ್ವಾಮಿ. ಶೆಡ್ಡಿನಲ್ಲಿದ್ದುದು ಅದೊಂದೇ ಬೆಂಚು. ನಿಲ್ಲೋಣವೆಂದರೆ ನಿಂತವನು ಅವನ ಮುಂದೆ ಕೈಕಟ್ಟಿ ನಿಂತಂತೆ ಕಾಣುತ್ತದೆ. ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತೆ. ಇಬ್ಬರ ನಡುವೆ ಮೂರನೆಯವನೊಬ್ಬ ಆರಾಮವಾಗಿ ಕೂರುವಷ್ಟು ಜಾಗವಿತ್ತು.

ನನ್ನ ಗಾಡಿಯನ್ನೂ ಎತ್ತಿ ನಿಲ್ಲಿಸಿ, ಸಿದ್ದರಾಜು ಎರಡರ ಕೆಳಗೂ ಸರದಿಯಂತೆ ನುಗ್ಗತೊಡಗಿದ.

"ಸಿದ್ದರಾಜು, ಆ ಗಾಡಿಗೆ ಎಷ್ಟಪ್ಪ ಎತ್ತೋದು?" ಎಂದು ಪುಟ್ಟಸ್ವಾಮಿ ಕೇಳಿದ, ಗೊತ್ತಿದ್ದೂ.

"ಎಲ್ಡಿಂಚು ಅಣ್ಣ."

"ಸಾಕು ಬುಡು. ವಯಸ್ಸಾದೋರು, ಅತ್ತಕ್ಕೆ ಕಷ್ಟ."

"ಸಿದ್ದರಾಜು," ಎಂದೆ ನಾನು, "ಕೇಳಿದವರು ನನಗಿಂತ ಆರೇ ತಿಂಗಳು ಚಿಕ್ಕವರು ಅಂತ ಅವರಿಗೆ ತಿಳಿಸು."

"ಸಿದ್ದರಾಜು, ಆರ್ ತಿಂಗ್ಳು ಆರ್ ತಿಂಗ್ಳೇ ಅಂತೇಳು."

ಸಿದ್ದರಾಜು ಗಾಡಿಯ ಕೆಳಗಿನಿಂದ ಎದ್ದು ಬಂದ. ಕೈಯಲ್ಲಿದ್ದ ಪಾನಾವನ್ನು ನಮ್ಮಿಬ್ಬರ ನಡುವಿನ ಖಾಲಿ ಜಾಗದಲ್ಲಿಟ್ಟ. "ನೋಡಿ ಸಾ, ನಾನು ಮಾಡದು ಕಮಾನು ಕೆಲ್ಸ, ಟೆಲಿಫೋನ್ ಕೆಲ್ಸ ಅಲ್ಲ. ನಾನು ಟೀ ಕುಡ್ದು ಬತ್ತೀನಿ, ಅಷ್ಟ್ರಲ್ಲಿ ನೀವಿಬ್ರೂ ಏನಾರ ಮಾಡ್ಕಳಿ," ಎಂದು ಹೊರಟೇಬಿಟ್ಟ.

ಈಗ ಶೆಡ್ಡಿನಲ್ಲಿ ಉಳಿದದ್ದು ಎರಡು ಗಾಡಿ, ಇಬ್ಬರು ದಾಯಾದಿಗಳು, ಒಂದು ಪಾನಾ. ನಾನು ಪುಟ್ಟಸ್ವಾಮಿಯ ಕಡೆ ನೋಡದೆ ಅವನ ಗಾಡಿಯ ಕಡೆ ನೋಡಿದೆ. ನೋಡಬಾರದಿತ್ತು. ಹಿಂದಿನ ಕಡೆ ಮೂರು ಇಂಚಿನ ಗಟ್ಟಿ ಆಗಲೇ ಕೂತಿತ್ತು. ಅದರ ಪಕ್ಕದಲ್ಲಿ ಹಳೆಯ ಬ್ರೇಕ್ ಪೈಪು ಹಗ್ಗಜಗ್ಗಾಟದ ಹಗ್ಗದಂತೆ ಬಿಗಿದು ನಿಂತಿತ್ತು.

ಮೀಟರು ನೋಡಿ ಬದುಕಿದವನಿಗೆ ಇಂಥ ಹೊತ್ತು ಬಹಳ ಕೆಟ್ಟದ್ದು. ಮುಳ್ಳು ಕೆಂಪು ಗೆರೆ ದಾಟಿದ್ದು ಕಂಡಮೇಲೆ ಕಂಡಿಲ್ಲವೆನ್ನಲು ಬರುವುದಿಲ್ಲ. ಸಿದ್ದರಾಜು ಬಂದ ಮೇಲೆ ಅವನಿಗೆ ಹೇಳಬಹುದಿತ್ತು. ಆದರೆ ಅವನು ಟೀ ಕುಡಿದು ಬರುವುದು ಬಾಯಿಗೆ ಹೊಸ ಸುದ್ದಿ ತುಂಬಿಕೊಂಡು. ಅದನ್ನೆಲ್ಲ ಖಾಲಿ ಮಾಡುವ ಗಲಾಟೆಯಲ್ಲಿ ನನ್ನ ಮಾತು ಅವನ ಒಂದು ಕಿವಿಗೂ ಬೀಳದು. ಪುಟ್ಟಸ್ವಾಮಿಯೋ, ತೆಂಗಿನಕಾಯಿ ಹೊರೆ ಹೇರಿಕೊಂಡು ನಾಲೆಯ ಏರಿ ಇಳಿಯುವಾಗ ಬ್ರೇಕಿನ ಮೇಲಿಂದ ಕಾಲು ತೆಗೆಯುವವನೇ ಅಲ್ಲ. ಏರಿಯ ಬುಡದಲ್ಲಿ ನೀರು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ನಿಲುವು ಒಂದು ಕಡೆ, ಒಂದು ಮೊಳ ರಬ್ಬರು ಪೈಪು ಇನ್ನೊಂದು ಕಡೆ. ನಾನು ಗಂಟಲು ಸರಿಮಾಡಿಕೊಂಡೆ.

"ಪುಟ್ಟಸ್ವಾಮಿ, ಮೂರು ಇಂಚಿಗೆ ಆ ಬ್ರೇಕ್ ಪೈಪು ಸಾಲಲ್ಲ ಕಣೋ. ಏರಿ ಇಳಿಯುವಾಗ ಕಿತ್ಕೊಂಡು ಬರ್ತದೆ."

ಅವನು ಚೀಲಕ್ಕೆ ಕೈಹಾಕಿ ಹೊಸ ಪೈಪೊಂದನ್ನು ತೆಗೆದ. "ಗೊತ್ತು ಕಣಣ್ಣ. ಉದ್ದದ್ದೇ ತಂದಿವ್ನಿ. ಕಡೇಲಿ ಆಕ್ತೀನಿ ಅಂದವ್ನೆ ಸಿದ್ದರಾಜು." ಮತ್ತೆ ಚೀಲಕ್ಕೆ ಕೈಹಾಕಿದ. ಇನ್ನೊಂದು ಪೈಪು ಬಂತು.

"ಎರಡು ಯಾಕೋ?"

"ಇದು ನಿಂದು. ನೀನೂ ಎತ್ತರುಸ್ತಾ ಇದೀಯ ಅಂತ ಗೊತ್ತಿತ್ತಲ್ಲ. ಸಿದ್ದರಾಜು ಕೈಗೆ ಕೊಟ್ಟು ಆಕ್ಸುವ ಅಂತಿದ್ದೆ. ಆ ನನ್ಮಗ ಟೀಗೋದ."

ಎರಡು ಇಂಚಿಗೆ ಹಳೆಯ ಪೈಪೇ ಧಾರಾಳವಾಗಿ ಸಾಲುತ್ತದೆ. ಇದು ನನಗೆ ಖಚಿತವಾಗಿ ಗೊತ್ತಿತ್ತು. ಗೊತ್ತಿದ್ದ ವಿಷಯವನ್ನು ಹೇಳದೆ ಸುಮ್ಮನಿದ್ದದ್ದು ನನ್ನ ಜೀವನದಲ್ಲಿ ಬಹಳ ಅಪರೂಪ. ಆ ದಿನ ಸುಮ್ಮನಿದ್ದೆ. ಪೈಪು ತೆಗೆದುಕೊಂಡು, ಸಿದ್ದರಾಜು ಬಂದ ಮೇಲೆ ಹಾಕಿಸಿಯೂ ಬಿಟ್ಟೆ. ಅದು ಈಗಲೂ ನನ್ನ ಗಾಡಿಯ ಕೆಳಗೆ ಅಗತ್ಯಕ್ಕಿಂತ ಉದ್ದವಾಗಿ ಜೋತಾಡುತ್ತಿದೆ.

ನಾನು ಬೆಳಕವಾಡಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ದೊಡ್ಡವನೇ ಮೊದಲು ಮಾತಾಡಿಸಿದ್ದು ಎಂದು ಪುಟ್ಟಸ್ವಾಮಿಯ ಬೆಂಬಲಿಗರು ಗೆದ್ದರು. ಅದು ಮಾತಾಡಿಸಿದ್ದಲ್ಲ, ಸುರಕ್ಷತೆಯ ಎಚ್ಚರಿಕೆ ಎಂದು ನಾನು ಜಯಮ್ಮನಿಗೆ ವಿವರಿಸಿದೆ. ಅವಳು, "ಊಂ, ಎಚ್ಚರಿಕೆ ಕೊಟ್ಟು ಬೋಂಡ ತಿಂದು ಬಂದ್ರಂತಲ್ಲ ಇಬ್ರೂ," ಎಂದಳು. ಬೋಂಡದ ವಿಷಯ ಸಿದ್ದರಾಜುವಿನದೇ ಸೇರ್ಪಡೆ ಎನ್ನಲು ಬಾಯಿ ತೆರೆದೆ, ಬಾಯಿಯಲ್ಲಿ ಇನ್ನೂ ಬೋಂಡದ ವಾಸನೆಯಿತ್ತು.

ಕಿಟ್ ಬಹಳ ಚೆನ್ನಾಗಿ ಕೆಲಸ ಮಾಡಿತು. ಗಾಡಿ ದಿಬ್ಬವನ್ನು ತಾಗದೆ ದಾಟುತ್ತದೆ. ಖಾಲಿ ಓಡುವಾಗ ಸೊಂಟ ನೆನಪಾಗುತ್ತದೆ, ಅದನ್ನು ಅಂಗಡಿಯವನು ಮೊದಲೇ ತಿಳಿಸಿದ್ದ. ಜಯಮ್ಮನಿಗೆ ಹತ್ತಲು ಒಂದು ಪ್ಲಾಸ್ಟಿಕ್ ಸ್ಟೂಲು ಬೇಕು, ಅದನ್ನು ಇಡುವ, ತೆಗೆಯುವ, ಹಿಂದೆ ಹಾಕಿಕೊಳ್ಳುವ ಕೆಲಸ ನನ್ನದು.

ಮೊನ್ನೆ ತೋಟಕ್ಕೆ ಹೋಗುವಾಗ ದಾರಿಯಲ್ಲಿ ಒಬ್ಬ ಟ್ರ್ಯಾಕ್ಟರಿನವನು ಹಿಂದುಗಡೆಯ ಅಗಲ ಬ್ಲೇಡು ಇಳಿಸಿಕೊಂಡು ನಿಂತಿದ್ದ. ಪಕ್ಕದ ಹೊಲದ ಕೆಲಸ ಮುಗಿದಿತ್ತಂತೆ. "ಎಂಗೂ ಬಂದಿವ್ನಿ, ಈ ದಿಬ್ಬ ಒಂದೇ ಎಳ್ತಕ್ಕೆ ಸಮ ಮಾಡ್ಕೊಟ್ಬುಡ್ತೀನಿ, ಏನೂ ಕೊಡ್ಬ್ಯಾಡಿ," ಎಂದ. ನಾನು ಗಾಡಿಯಿಂದಲೇ "ಮುಟ್ಟಬೇಡ!" ಎಂದು ಕೂಗಿದೆ. ಅದೇ ಹೊತ್ತಿಗೆ ಹಿಂದಿನಿಂದ ಇನ್ನೊಂದು ದನಿ "ಮುಟ್ಬ್ಯಾಡ್ಲಾ!" ಎಂದಿತು. ಪುಟ್ಟಸ್ವಾಮಿ ತನ್ನ ಮೂರು ಇಂಚಿನ ಗಾಡಿಯ ಕಿಟಕಿಯಿಂದ ಅರ್ಧ ಹೊರಗೆ ಬಂದಿದ್ದ. ಇಬ್ಬರೂ ಇಳಿದು ಹೋಗಿ ದಿಬ್ಬದ ಎರಡು ಕಡೆ ನಿಂತೆವು. ಇಷ್ಟು ಯೋಚಿಸಿ, ಮಂಡ್ಯ ಮದ್ದೂರು ಅಲೆದು ಕಿಟ್ ಹಾಕಿಸಿದ ಮೇಲೆ ಇವನು ಬಂದು ದಾರಿ ಸಮ ಮಾಡುವುದೆಂದರೇನು?

ಟ್ರ್ಯಾಕ್ಟರಿನವನು ನಮ್ಮಿಬ್ಬರ ಮುಖ ನೋಡಿ, ಕೊನೆಗೆ ನನ್ನ ಗಾಡಿಯಲ್ಲಿ ಎತ್ತರದಲ್ಲಿ ಕೂತಿದ್ದ ಜಯಮ್ಮನನ್ನು ಕೇಳಿದ: "ಏನಮ್ಮೋ ಇದು? ದಾರಿ ಸರಿ ಮಾಡ್ತೀನಿ ಅಂದ್ರೆ ಬ್ಯಾಡ ಅಂತಾರಲ್ಲ!"

"ಬುಡಪ್ಪ," ಎಂದಳು ಜಯಮ್ಮ. "ಅವ್ರು ಈಗ ತಾನೆ ಮಾತಾಡಕ್ಕೆ ಸುರು ಮಾಡವ್ರೆ. ಒಂದ್ ವರ್ಸ ಬುಟ್ಟು ಬಾ."

ಅವನು ಬ್ಲೇಡು ಎತ್ತಿಕೊಂಡು ಹೊರಟುಹೋದ. ಹೋಗುವಾಗ ಅವನ ಚಕ್ರ ಹರಿದು ದಿಬ್ಬದ ಒಂದು ಅಂಚು ಕುಸಿಯಿತು. ಪುಟ್ಟಸ್ವಾಮಿ ಅದನ್ನು ನೋಡಿದ. ನಾನೂ ನೋಡಿದೆ. ಇಂಥದ್ದನ್ನು ಹಾಗೆಯೇ ಬಿಟ್ಟುಹೋಗುವ ಅಭ್ಯಾಸ ನನಗಿಲ್ಲ. ಕುಸಿದ ಜಲ್ಲಿಯನ್ನು ಕಾಲಿನಿಂದ ಒತ್ತರಿಸಿ, ಮೊದಲಿದ್ದ ಎತ್ತರಕ್ಕೆ ತಂದು, ಮೇಲೆ ನಿಂತು ನಾಲ್ಕು ಸಲ ತುಳಿದು ಗಟ್ಟಿ ಮಾಡಿ, ಗಾಡಿ ಹತ್ತಿದೆ.