ದಾಸವಾಳದ ಹನ್ನೆರಡು ಕಡ್ಡಿ

ಗಿಡದವ: ಮತ್ತೆ ಕಿತ್ರಾ ಅಕ್ಕಾ?

ಅಕ್ಕ: ಕೀಳಲಿಲ್ಲ. ಎತ್ತಿ ನೋಡಿ ಇಟ್ಟೆ.

ಗಿಡದವ: ಮಣ್ಣಿಂದ ಎತ್ತೋದಕ್ಕೇ ಕೀಳೋದು ಅಂತಾರೆ.

ಅಕ್ಕ: ವಾಪಸ್ ಇಟ್ನಲ್ಲ.

ನರ್ಸರಿಯ ಹಸಿರು ಪರದೆಯ ಕೆಳಗೆ ಹನ್ನೆರಡು ಪ್ಲಾಸ್ಟಿಕ್ ಚೀಲಗಳು ಸಾಲಾಗಿ ನಿಂತಿದ್ದವು. ಹನ್ನೊಂದರಲ್ಲಿ ಕಡ್ಡಿ ಒಣಗಿ ಹಲ್ಲುಕಡ್ಡಿಯಾಗಿತ್ತು. ಹನ್ನೆರಡನೆಯದು ಅಕ್ಕನ ಕೈಯಲ್ಲಿತ್ತು. ಬೀದಿಗೆಲ್ಲ ಅವಳು ಅಕ್ಕ. ಗಿಡದವನಿಗೂ ಅಕ್ಕ.

ಅವಳ ಗಂಡ ನೆಟ್ಟು ಬೆಳೆಸಿದ ದಾಸವಾಳ ಅದು. ಬಿಳಿ ಹೂ, ನಡುವೆ ಚಿಟಿಕೆ ಕೆಂಪು. ಚಳಿಗೆ ಜಗ್ಗಲಿಲ್ಲ, ಬಿಸಿಲಿಗೆ ಜಗ್ಗಲಿಲ್ಲ, ನೆಟ್ಟವನು ಹೋದ ಮೇಲೂ ಜಗ್ಗಲಿಲ್ಲ. ಕೊನೆಗೆ ಚರಂಡಿ ಪೈಪು ಹಾಕುವವರು ಬಂದು ಬುಡಸಮೇತ ಅಗೆದು ಬಿಸಾಕಿದರು. ಅಕ್ಕ ಕೊಂಬೆಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಕೊಂಡು ಇಲ್ಲಿಗೆ ಓಡಿ ಬಂದಿದ್ದಳು. ಅದಾಗಿ ಒಂದೂವರೆ ತಿಂಗಳು. ಒಂದು ದಿನವೂ ತಪ್ಪಿಸಿರಲಿಲ್ಲ.

ಗಿಡದವ: ಕೊಡಿ ಇಲ್ಲಿ.

ತುದಿ ಮೂಸಿ ನೋಡಿದ.

ಗಿಡದವ: ಕೊಳೆತಿದೆ. ಹನ್ನೆರಡೂ ಹೋಯ್ತು.

ಅಕ್ಕ: ನಿನ್ನ ಕೈಗುಣ.

ಗಿಡದವ: ನನ್ನ ಕೈಗುಣಾನಾ? ಮೂವತ್ತು ವರ್ಷದಿಂದ ಕಡ್ಡಿ ನೆಡ್ತಿದ್ದೀನಿ. ಗಿಣ್ಣಿನ ಕೆಳಗೆ ಓರೆಯಾಗಿ ಕೊಯ್ದೆ. ಎರಡೆಲೆ ಬಿಟ್ಟು ಮಿಕ್ಕಿದ್ದು ಸವರಿದೆ. ಮರಳು ಬೆರೆಸಿ ಮಣ್ಣು ಹದ ಮಾಡ್ದೆ. ಇನ್ನೇನು, ಜೋಗುಳ ಹಾಡಬೇಕಿತ್ತಾ?

ಅಕ್ಕ: ಹಾಡಿದ್ರೆ ಬರ್ತಿತ್ತೇನೋ.

ಗಿಡದವ: ಹೊಸ ಬೇರು ಅಂದ್ರೆ ಕೂದಲೆಳೆ ಅಕ್ಕಾ. ಇವತ್ತು ಒಂದೆಳೆ ಬಿಡತ್ತೆ. ನಾಳೆ ಬೆಳಿಗ್ಗೆ ನೀವು ಬರ್ತೀರಿ. ಅಲ್ಲಿಗೆ ಮುಗೀತು.

ಅಕ್ಕ: ಬಿಟ್ಟಿದೆಯಾ ಅಂತ ನೋಡೋದು ಬೇಡ್ವಾ?

ಗಿಡದವ: ಬೇಡ.

ಅಕ್ಕ: ನೋಡ್ದೆ ಹೇಗೆ ಗೊತ್ತಾಗತ್ತೆ?

ಗಿಡದವ: ಎಲೆ ಹೇಳತ್ತೆ.

ಅಕ್ಕ: ಎಲೆ ಸುಳ್ಳು ಹೇಳಿದ್ರೆ?

ಗಿಡದವ ಕಿವಿ ಕೆರೆದುಕೊಂಡ.

ಗಿಡದವ: ಒಂದೊಂದ್ಸಲ ಹೇಳತ್ತೆ.

ಅಕ್ಕ: ಮತ್ತೆ!

ಸಾಲಿನ ತುದಿಯಲ್ಲಿ ನೆಲಕ್ಕೆ ಒಂದು ಕೋಲು ಹುಗಿದಿತ್ತು. ಅದಕ್ಕೆ ಬಣ್ಣದ ಡಬ್ಬದ ಮುಚ್ಚಳ ಕಟ್ಟಿ, ಮೇಲೆ 'ಯಾರೂ ಮುಟ್ಟಬಾರದು' ಎಂದು ಬರೆದಿತ್ತು. 'ಯಾರೂ' ಕೆಳಗೆ ಎರಡು ಗೆರೆ. ಅಕ್ಕ ಬರತೊಡಗಿದ ಮೂರನೇ ದಿನಕ್ಕೇ ಅದು ಎದ್ದಿತ್ತು.

ಗಿಡದವ: ಇಷ್ಟು ದೊಡ್ಡ ಬೋರ್ಡ್ ಹಾಕಿದ್ದೀನಿ. ಓದೋಕೆ ಬರಲ್ವಾ?

ಅಕ್ಕ: ನಾಲ್ಕನೇ ಕ್ಲಾಸು. ಬರತ್ತೆ.

ಗಿಡದವ: ಮತ್ಯಾಕೆ ಮುಟ್ಟಿದ್ರಿ?

ಅಕ್ಕ: ಆಸ್ಪತ್ರೇಲೂ ಹಿಂಗೇ ಅಂದ್ರು. ಈಗ ನಿದ್ದೆ ಹತ್ತಿದೆ, ಮುಟ್ಟಬೇಡಿ, ಮಲಗಲಿ ಅಂದ್ರು. ನಾನು ಮುಟ್ಟಲಿಲ್ಲ. ಬೆಂಚಿನ ಮೇಲೆ ಕೂತಿದ್ದೆ. ಮುಟ್ಟಿದಾಗ ತಣ್ಣಗಿದ್ರು.

ಗಿಡದವ ನೀರಿನ ಡಬ್ಬವನ್ನು ಈ ಕಡೆಯಿಂದ ಎತ್ತಿ ಆ ಕಡೆ ಇಟ್ಟ. ಆಮೇಲೆ ಆ ಕಡೆಯಿಂದ ಎತ್ತಿ ಈ ಕಡೆ ಇಟ್ಟ.

ಗಿಡದವ: ಬೀಜ ಇದೆಯಲ್ಲ ಅಕ್ಕಾ. ಒಂದು ಡಬ್ಬಿ ತುಂಬ ತಂದಿದ್ರಿ. ಬಿತ್ತೋಣ. ಎರಡು ಮೂರು ವರ್ಷಕ್ಕೆ ಹೂ ಬಿಡತ್ತೆ.

ಅಕ್ಕ: ಅದೇ ಹೂ ಬರತ್ತಾ?

ಗಿಡದವ: ಹೇಳೋಕಾಗಲ್ಲ. ಬಿಳೀನೂ ಬರಬಹುದು, ನೇರಳೇನೂ ಬರಬಹುದು. ಬೀಜ ಅಂದ್ರೆ ಮಗ ಇದ್ದ ಹಾಗೆ. ಒಂದಿಷ್ಟು ಅಪ್ಪನ ಹಾಗೆ, ಒಂದಿಷ್ಟು ಯಾರ ಹಾಗೋ. ಕಡ್ಡಿ ಅಂದ್ರೆ ಸಾಕ್ಷಾತ್ ಅಪ್ಪನೇ.

ಅಕ್ಕ: ಮಗ ಮನೇಲಿದ್ದಾನೆ. ಕಾಲಲ್ಲಿ ಹಾಕ್ಕೊಂಡೇ ಚಪ್ಪಲಿ ಎಲ್ಲಿ ಅಂತ ಕೇಳ್ತಾನೆ. ಇನ್ನೊಂದು ಡಬ್ಬಿ ಮಕ್ಕಳು ನಂಗೆ ಬೇಡ.

ಗಿಡದವ: ಮತ್ತೇನು ಬೇಕು?

ಅಕ್ಕ: ಅವರು ನೆಟ್ಟಿದ್ದೇ ಬೇಕು.

ಗಿಡದವ: ಎಲ್ಲಿಂದ ತರ್ಲಿ? ಇದ್ದಿದ್ದೇ ಹನ್ನೆರಡು ಕಡ್ಡಿ.

ಅಕ್ಕ: ನಾನು ಗೋಣಿ ತುಂಬ ತಂದಿದ್ದೆ.

ಗಿಡದವ: ಮಿಕ್ಕಿದ್ದು ಮುದಿ ಕೊಂಬೆ. ಹೆಬ್ಬೆರಳು ದಪ್ಪ. ಅದೆಲ್ಲ ಹತ್ತಲ್ಲ ಅಂತ ಎಸೆದೆ.

ಅಕ್ಕ: ನನ್ನ ಕೇಳ್ದೆ ಎಸೆದ್ಯಾ?

ಗಿಡದವ: ಎಲ್ಲಾ ಎಸೀಲಿಲ್ಲ. ಒಂದನ್ನ ಬೋರ್ಡಿಗೆ ಕೋಲು ಮಾಡ್ಕೊಂಡೆ.

ಇಬ್ಬರೂ ಬೋರ್ಡಿನ ಕಡೆ ತಿರುಗಿದರು. ಗಿಡದವ ಬಗ್ಗಿ ಮುಚ್ಚಳದ ಹಿಂದೆ ಇಣುಕಿದ. ಅಕ್ಕನೂ ಇಣುಕಿದಳು. 'ಮುಟ್ಟಬಾರದು' ಹಿಂಬದಿಯ ನೆರಳಿನಲ್ಲಿ ನಾಲ್ಕು ಎಲೆ. ಅಂಚು ಹಲ್ಲುಹಲ್ಲು. ಕೆಳಗಿನ ಗಿಣ್ಣಿನಲ್ಲಿ ಇನ್ನೊಂದು ಚಿಗುರು.

ಅಕ್ಕ ಹನ್ನೆರಡನ್ನೂ ದಿನಾ ಮುಟ್ಟಿದ್ದಳು. ಬೋರ್ಡಿನ ಸುದ್ದಿಗೆ ಮಾತ್ರ ಹೋಗಿರಲಿಲ್ಲ. ಈಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಗಿಡದವ: ಇದು ಬರಬಾರದು ಅಕ್ಕಾ. ಓರೆಯಾಗಿ ಕೊಯ್ದಿಲ್ಲ. ಮಣ್ಣು ಹದ ಮಾಡಿಲ್ಲ. ಸುತ್ತಿಗೇಲಿ ಬಡಿದು ಇಳಿಸಿದ್ದು.

ಅಕ್ಕ: ಅವರೂ ಹಂಗೇ. ಉಪಚಾರ ಮಾಡಿದ್ರೆ ಮುಖ ಗಂಟು ಹಾಕೋರು.

ಗಿಡದವ: ಆಸೆ ಇಟ್ಕೋಬೇಡಿ. ದಪ್ಪ ಕೊಂಬೇಲಿ ರಸ ಉಳಿದಿರತ್ತೆ. ಬೇರಿಲ್ದೇನೂ ಚಿಗುರಿ, ಆಮೇಲೆ ಕೈ ಕೊಡತ್ತೆ. ಈ ಎಲೆ ನಂಬೋ ಹಾಗಿಲ್ಲ. ತಡೀರಿ.

ಮಂಡಿಯೂರಿ ಕೂತ. ಮೂವತ್ತು ವರ್ಷ ಪಳಗಿದ ಕೈ ಕೋಲಿನ ಬುಡಕ್ಕೆ ಹೋಯಿತು.

ಅಕ್ಕ: ಏನ್ ಮಾಡ್ತಿದ್ದೀಯ?

ಗಿಡದವ: ಕೀಳಲ್ಲ ಅಕ್ಕಾ. ಎತ್ತಿ ನೋಡಿ ಇಡ್ತೀನಿ.

ಬೆನ್ನ ಹಿಂದಿದ್ದ ಒಂದು ಕೈ ಈಚೆ ಬಂತು. ಗಿಡದವನ ಮುಂಗೈ ಮೇಲೆ ಫಟ್ಟನೆ ಒಂದು ಬಿತ್ತು. ಕೈ ಮತ್ತೆ ಬೆನ್ನ ಹಿಂದೆ ಹೋಯಿತು.

ಅಕ್ಕ: ನೀನೆಷ್ಟು ಓದಿದ್ದೀಯಪ್ಪಾ?

ಗಿಡದವ: ಹತ್ತನೇ ಕ್ಲಾಸು. ಯಾಕೆ?

ಅಕ್ಕ: ಬೋರ್ಡ್ ಓದು.