ಹುಳದ ಪಾಲಿನ ಊಟ

ಹೆಂಡತಿ: ಹುಳದ ಪಾಲು ಅಂತ ಹೊತ್ತಿಗೆ ಎರಡು ತಟ್ಟೆ ಬಡಿಸ್ತಿದೀನಿ ಡಾಕ್ಟ್ರೇ. ಅದು ಇದ್ಯೋ ಇಲ್ವೋ, ಇವತ್ತು ಇತ್ಯರ್ಥ ಆಗ್ಲಿ.

ಗಂಡ: ರಕ್ತದಲ್ಲೇ ಸಂಸಾರ ಹೂಡಿವೆ ಕಣೇ. ಉಂಡದ್ದನ್ನೆಲ್ಲ ಅವೇ ಹೀರ್ತವೆ. ನಾನು ಬರೀ ಬಾಯಿ.

ಸೊಂಟದವರೆಗೆ ನೀರಿಗಿಳಿದು ದೋಣಿ ತಳ್ಳುವುದು ಈತನ ಕಸುಬು. ಹೊಳೆಯಲ್ಲೇ ರಕ್ತದ ಹುಳ ಮೈಹೊಕ್ಕಿತ್ತು. ನಾಲ್ಕು ತಿಂಗಳ ಹಿಂದೆ ಇದೇ ಹಿರಿಯ ಡಾಕ್ಟರು ಮಾತ್ರೆ ನುಂಗಿಸಿದ್ದರು. ಅಂದಿನಿಂದ ಈತ ಮಂಚ ಹಿಡಿದಿದ್ದಾನೆ. ಆರೈಕೆಗೆಂದು ಆಕೆ ತನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿದ್ದಾಳೆ. ಈಗ ಆತ ಆಸ್ಪತ್ರೆಯ ತೂಕದ ಯಂತ್ರದ ಮೇಲೆ ನಿಂತಿದ್ದ.

ಡಾಕ್ಟರು: ಹದಿನಾಲ್ಕು ಕಿಲೋ ಜಾಸ್ತಿ.

ಗಂಡ: ಹುಳದ ತೂಕ ಇರ್ಬಹುದು ಸಾರ್.

ಡಾಕ್ಟರು: ಉಗುರಿನುದ್ದ ಇಲ್ಲ ಅದು, ದಾರದಷ್ಟು ದಪ್ಪ. ಅದರ ಚರ್ಮದಲ್ಲಿ ಸಕ್ಕರೆ ಒಳಗೆ ಬಿಟ್ಕೊಳ್ಳೋ ಬಾಗಿಲುಗಳಿವೆ. ನೀನು ಉಂಡಾಗ ಏಳೋ ಇನ್ಸುಲಿನ್ನಿನ ಸುಳಿವು ಅದಕ್ಕೂ ಸಿಗುತ್ತೆ. ಎಷ್ಟು ಬೇಕೋ ಅಷ್ಟು ತಗೊಳ್ಳುತ್ತೆ. ಮನೆಯವನು ಸತ್ರೆ ತನಗೂ ಮನೆ ಇಲ್ಲ ನೋಡು.

ಹೆಂಡತಿ: ಸಾಕು ಅನ್ನೋದು ಹುಳಕ್ಕೂ ಗೊತ್ತಾ?

ಗಂಡ: ನಮ್ಮವು ಬೇರೆ ಜಾತಿ ಇರ್ಬೇಕು. ಊಟ ಆಗಿ ಗಂಟೆ ಆಗಿರಲ್ಲ, ಒಳಗಿಂದ ಕೂಗ್ತವೆ.

ಹೆಂಡತಿ: ಪಾತ್ರೆ ತೊಳೆಯೋ ಹೊತ್ತಿಗೆ ಮಾತ್ರ ನಿದ್ದೆ ಹೋಗ್ತವೆ. ಊಟ ಬಲ್ಲವನಿಗೆ ರೋಗವಿಲ್ಲ ಅಂತಾರೆ ಡಾಕ್ಟ್ರೇ. ಇವ್ರಿಗೆ ರೋಗ ಇದ್ರೇನೇ ಊಟ.

ಡಾಕ್ಟರು: ಇನ್ನೊಂದು ಕೇಳಮ್ಮ. ಅವು ಇರೋದು ಜೋಡಿಯಾಗಿ. ಗಂಡು ಹೆಣ್ಣನ್ನ ಮೈಯ ಮಡಿಕೆಯಲ್ಲೇ ಹೊತ್ಕೊಂಡಿರುತ್ತೆ. ತಾನು ತಗೊಂಡ ಸಕ್ಕರೆಯಲ್ಲಿ ಅವಳಿಗೂ ಪಾಲು.

ಆಕೆ ಗಂಡನ ಕಡೆ ತಿರುಗಿದಳು. ಆತ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

ಹೆಂಡತಿ: ಕೇಳಿಸ್ತಾ?

ಗಂಡ: ಅದಕ್ಕೇನು ದೋಣಿ ತಳ್ಳೋ ಕೆಲ್ಸ ಇದ್ಯಾ?

ಹೆಂಡತಿ: ನಿಮಗಿದ್ಯಾ?

ಡಾಕ್ಟರು ವರದಿ ಬಿಡಿಸಿದರು.

ಡಾಕ್ಟರು: ಇವತ್ತಿನ ಮೂತ್ರದಲ್ಲೂ ಹುಳದ ಒಂದೇ ಒಂದು ಮೊಟ್ಟೆ ಇಲ್ಲ. ಹುಳ ಇದ್ದಿದ್ರೆ ಮೊಟ್ಟೆ ಕಾಣ್ಬೇಕಿತ್ತು.

ಹೆಂಡತಿ: ಇವತ್ತೂ ಅಂದ್ರೆ?

ಡಾಕ್ಟರು: ಮೂರು ತಿಂಗಳ ಹಿಂದೆಯೇ ಇರ್ಲಿಲ್ಲ. ಇವನೇ ನಡ್ಕೊಂಡು ಬಂದು ವರದಿ ತಗೊಂಡು ಹೋದನಲ್ಲ?

ಹೆಂಡತಿ: ನಡ್ಕೊಂಡು?

ಗಂಡ: ಅವತ್ತು ಕನ್ನಡಕ ತಂದಿರ್ಲಿಲ್ಲ ಕಣೇ. ಓದಕ್ಕಾಗ್ಲಿಲ್ಲ.

ಡಾಕ್ಟರು: ನಾನೇ ಓದಿ ಹೇಳಿದ್ದೆ.

ಗಂಡ: ನಂಬಕ್ಕಾಗ್ಲಿಲ್ಲ ಸಾರ್. ಅಷ್ಟು ಹಸಿವಿತ್ತು.

ಆಕೆಗೆ ಮೊದಲು ಅಳು ಬಂತು, ಆಮೇಲೆ ಸಿಟ್ಟು. ಎರಡನ್ನೂ ನುಂಗಿಕೊಂಡು ಚೀಲದಿಂದ ಅಂಗಡಿಯ ಬೀಗದ ಕೈ ಹುಡುಕಿ ತೆಗೆದಳು. ಬಾಗಿಲ ಬಳಿ ಹೋದವಳು ನಿಂತಳು.

ಹೆಂಡತಿ: ಆ ಗಂಡು ಹುಳನೂ ಸತ್ತುಹೋಯ್ತಾ ಡಾಕ್ಟ್ರೇ?

ಡಾಕ್ಟರು: ಮತ್ತೆ? ಮಾತ್ರೆ ಕೊಟ್ಟದ್ದೇ ಅದಕ್ಕಲ್ವೇನಮ್ಮ?

ಹೆಂಡತಿ: ಅದನ್ನೊಂದು ಉಳಿಸಬೇಕಿತ್ತು. ನಮ್ಮನೇಲಿ ಹೆಂಡ್ತೀನ ಸಾಕ್ತಿದ್ದ ಗಂಡು ಅಂದ್ರೆ ಅದೊಂದೇ.