ಎತ್ತಿನ ಎಲುಬೂ ನಮ್ಮಕ್ಕನ ಡೈನೋಸಾರೂ

ಸತ್ತು ಕೋಟಿಗಟ್ಟಲೆ ವರ್ಷವಾದವರ ಮೇಲಿರುವ ಕಾಳಜಿ ನಮ್ಮಕ್ಕನಿಗೆ ಬದುಕಿರುವ ತಮ್ಮನ ಮೇಲಿಲ್ಲ! ನಾನು ಹುಟ್ಟಿದ ದಿನ ಅವಳಿಗೆ ನೆನಪಿರುವುದಿಲ್ಲ. ಡೈನೋಸಾರುಗಳು ಅಳಿದದ್ದನ್ನು ಮಾತ್ರ ಮೊನ್ನೆ ಅವುಗಳ ಮಣ್ಣಿಗೆ ಹೋಗಿಬಂದವಳಂತೆ ಹೇಳುತ್ತಾಳೆ.

ಅಕ್ಕ ಕರ್ಜಗಿ ಕಡೆಯ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರು. ಹಾವೇರಿಯ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ವಿಜ್ಞಾನಿಗಳು ಮರುಭೂಮಿಯಲ್ಲಿ ಡೇರೆ ಹಾಕಿ ಡೈನೋಸಾರಿನ ಎಲುಬು ಅಗೆದ ಕಥೆಯನ್ನು ಒಂದು ದಿನ ತರಗತಿಯಲ್ಲಿ ಹೇಳಿದಳಂತೆ. "ನಾವೂ ಅಗೀತೀವ್ರಿ ಟೀಚರ್!" ಎಂದರು ಮಕ್ಕಳು. ಬೇರೆಯವರಾಗಿದ್ದರೆ ಗದರಿಸಿ ಕೂರಿಸುತ್ತಿದ್ದರು. ಇವಳು? ಎಲುಬು ಹುಡುಕಲು ಹೊರಟಳು!

ಶಾಲೆಯ ಹತ್ತಿರದ ಹಳ್ಳದ ದಂಡೆ ಮಳೆಗೆ ಕುಸಿದು, ಎಂದೋ ಹೂತಿದ್ದ ಎತ್ತಿನ ಎಲುಬುಗಳು ಹೊರಬಿದ್ದಿದ್ದವು. ಅವನ್ನು ಚೀಲಕ್ಕೆ ತುಂಬಿ ಬಸ್ಸು ಹತ್ತಿದಳು.

"ಚೀಲದಾಗ ಏನೈತ್ರಿ ಟೀಚರ್?" ಎಂದ ಕಂಡಕ್ಟರ್.

"ಎಲುಬ್ರಿ."

ಸುತ್ತಲಿನ ನಾಲ್ಕು ಸೀಟು ಖಾಲಿ! "ಇವತ್ತ ಕಾಲು ಚಾಚಿ ಬಂದೆ ನೋಡು" ಎಂದಳು ಮನೆಗೆ ಬಂದು.

ತೊಳೆದು ಒಣಹಾಕಿದ್ದೆಲ್ಲಿ? ಅವ್ವ ಬ್ಯಾಡಗಿ ಮೆಣಸಿನಕಾಯಿ ಹರಡಿದ್ದ ಮಾಳಿಗೆಯ ಮೇಲೆ!

"ಮೆಣಸಿನಕಾಯಿಗೆ ಏನಾಗೈತಿ ಬೇ?" ಎಂದು ಅಕ್ಕ ಕೇಳಿದರೆ, "ಅದಕ್ಕೇನಾಗಿಲ್ಲ, ನಿನಗ ಏನರೆ ಆಗೇತೇನು?" ಎಂದು ಅವ್ವ ಎರಡನೆಯ ಸಲ ಸ್ನಾನಕ್ಕೆ ಹೋದಳು.

ರವಿವಾರ ಅವನ್ನು ಶಾಲೆಯ ಹಿಂದೆ ಹೂತಳು. ಸೋಮವಾರದಿಂದ ಅಗೆತ. ಮಕ್ಕಳು ದಾರ ಕಟ್ಟಿ ಚೌಕ ಮಾಡಿ, ಬ್ರಷ್ಷಿನಿಂದ ಮಣ್ಣು ಸರಿಸಿ, ಯಾವ ಎಲುಬು ಎಲ್ಲಿ ಸಿಕ್ಕಿತೆಂದು ಬರೆದುಕೊಂಡರು. ದೊಡ್ಡ ಶೋಧಯಾತ್ರೆಗಳಲ್ಲಿ ಎಲುಬು ಮುರಿಯದಂತೆ ಪ್ಲಾಸ್ಟರ್ ಸುತ್ತುತ್ತಾರಂತೆ, ಇಲ್ಲೂ ಸುತ್ತಿದರು. ಬಿಸಿಯೂಟದ ಅಡುಗೆಯಾಕೆ ನೋಡಿ, "ಸತ್ತ ಎತ್ತಿನ ಕಾಲಿಗೆ ಪಟ್ಟಿ ಕಟ್ಟಿದ್ದು ಇಲ್ಲೇ ನೋಡಿದ್ದು ಬಿಡ್ರಿ!" ಎಂದಳಂತೆ.

ಕೊನೆಯ ದಿನ ನಾನೂ ಹೋಗಿದ್ದೆ. ತಾಡಪಾಲಿನ ಮೇಲೆ ಇಡೀ ಎತ್ತನ್ನು ಜೋಡಿಸಿಟ್ಟಿದ್ದರು. ಅಷ್ಟರಲ್ಲಿ ಅದರ ಯಜಮಾನ, ಒಬ್ಬ ಮುದುಕ, ಸಿಟ್ಟಿನಿಂದ ಬಂದ.

"ನನ್ನ ಎತ್ತಿನ ಎಲುಬ ನಿಮಗ ಆಟಕ್ಕ ಬೇಕಾತೇನ್ರಿ? ಯಾರನ್ನ ಕೇಳಿ ತಂದ್ರಿ?"

"ತಪ್ಪಾತ್ರಿ ಅಜ್ಜಾರ, ಕೇಳಬೇಕಿತ್ತು" ಎಂದಳು ಅಕ್ಕ.

ಆಗ ಎರಡು ಜಡೆಯ ಹುಡುಗಿಯೊಬ್ಬಳು ಒಂದು ಎಲುಬು ಹಿಡಿದು ಮುಂದೆ ಬಂದಳು. "ಅಜ್ಜಾ, ನಿಮ್ಮ ಎತ್ತು ಮುಂದಿನ ಬಲಗಾಲು ಕುಂಟತಿತ್ತೇನ್ರಿ?"

ಅಜ್ಜ ಬೆರಗಾದ. "ನಿನಗ್ಯಾರು ಹೇಳಿದ್ರವಾ?"

"ಯಾರೂ ಹೇಳಿಲ್ರಿ. ಈ ಕೀಲಿನ ಸಂದಿನಾಗ ಎಲುಬು ಗಂಟುಗಂಟಾಗಿ ಬೆಳದೈತಿ. ಎಡಗಾಲಿಂದು ನುಣ್ಣಗೈತಿ. ಭಾಳ ಬ್ಯಾನಿ ತಿಂದಿರಬೇಕ್ರಿ, ಪಾಪ."

ಅಜ್ಜ ನೆಲಕ್ಕೆ ಕುಳಿತು ಆ ಎಲುಬು ಸವರಿದ. "ಖರೇ ಐತಿ ತಂಗಿ. ಕುಂಟತಿತ್ತು. ಆದ್ರೂ ಒಂದ ದಿನ ನೊಗಾ ಒಲ್ಲೆ ಅನ್ಲಿಲ್ಲ." ಎದ್ದು ಅಕ್ಕನಿಗೆ ಕೈಮುಗಿದ. "ಇಲ್ಲೇ ಇರಲಿ ಬಿಡ್ರಿ ಟೀಚರ್. ಹುಡುಗರು ಕಲೀಲಿ."

ಸಂಜೆ ಅಕ್ಕ ನನ್ನ ಬೈಕಿನ ಹಿಂದೆ ಕುಳಿತಳು. ಹಾವೇರಿ ಹತ್ತಿರವಾದಾಗ ಮೆಲ್ಲಗೆ, "ಆ ಸಂದಿನ ಮಾತು ನಾ ಕಲಿಸಿರಲಿಲ್ಲೋ ತಮ್ಮಾ. ತಾನ ಕಂಡುಹಿಡದ್ಲು" ಎಂದಳು.

ನನಗೆ ಇವಳ ತಮ್ಮ ನಾನೇ ಎಂದು ಎದುರು ಬಂದವರಿಗೆಲ್ಲ ಕೂಗಿ ಹೇಳಬೇಕೆನಿಸಿತು.